ನಿಸರ್ಗ ಸಂಪನ್ಮೂಲ ಪದವಿ: ಫೀಸ್ ಜೊತೆ ಫೀಲ್ಡ್ ಖರ್ಚನ್ನೂ ಕೇಳಿ

ಕಾಡು, ಮಣ್ಣು, ನೀರು, ವನ್ಯಜೀವಿಗಳ ಬಗ್ಗೆ ಪದವಿ ಓದುವ ಆಸೆ ಇದೆ, ಆದರೆ ಮನೆಯಲ್ಲಿ ದುಡ್ಡಿನ ತಾಪತ್ರಯ ಅನ್ನುವವರಿಗೆ ಈ ಸಲಹೆ.

ಫೀಸ್ ಪಟ್ಟಿ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ವಿದ್ಯಾರ್ಥಿವೇತನ ಕಳೆದ ಮೇಲೆ ಕೈಯಿಂದ ಎಷ್ಟು ಹೋಗುತ್ತದೆ ಅನ್ನುವುದನ್ನು ಹೋಲಿಸಿ. ಆ ನೆರವು ಮೊದಲ ವರ್ಷಕ್ಕೆ ಮಾತ್ರವೋ, ಕೊನೆವರೆಗೂ ಬರುತ್ತದೋ ಅನ್ನುವುದನ್ನೂ ಕೇಳಿ.

ಈ ಓದಿನಲ್ಲಿ ಎಲ್ಲರೂ ಮರೆಯುವ ಖರ್ಚು ಫೀಲ್ಡ್ ಕೆಲಸದ್ದು. ಓಡಾಟ, ಉಳಿಯುವ ಜಾಗ, ಗಟ್ಟಿ ಬೂಟು, ಮಳೆ ಕೋಟು ಎಲ್ಲಾ ಸೇರುತ್ತದೆ. ಕ್ಯಾಂಪ್ ರಜೆಯಲ್ಲಿದ್ದರೆ ಆ ವಾರಗಳ ಸಂಪಾದನೆಯೂ ಹೋಯಿತು, ಅಲ್ವಾ? ಇದನ್ನೆಲ್ಲ ಕಾಲೇಜು ಭರಿಸುತ್ತದಾ, ಸಾಮಾನು ಎರವಲು ಕೊಡುತ್ತದಾ ಅಂತ ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡವೇ ಬೇಡ. ಸಂಬಳ ಕೊಡುವ ಇಂಟರ್ನ್‌ಶಿಪ್ ಇರುವ ಕಡೆ ಸೇರುವುದು ನನ್ನ ಪ್ರಕಾರ ಎಲ್ಲಕ್ಕಿಂತ ಮೇಲು.

ಪಠ್ಯದಲ್ಲಿ ಜಿಐಎಸ್, ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ಕೆಲಸ, ಮತ್ತು ಅಂಕಿಅಂಶ ಇರಲೇಬೇಕು. ಅರಣ್ಯ, ನೀರಾವರಿ, ಕೃಷಿ, ನಗರ ಯೋಜನೆ ಎಲ್ಲೆಡೆ ಇವು ಬೇಕಾಗುತ್ತವೆ. ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಉಚಿತ. ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳೂ 2008ರಿಂದ ಉಚಿತವಾಗಿವೆ. ಒಂದು ಕೆರೆಯ ಹಳೆಯ, ಹೊಸ ಚಿತ್ರ ಇಳಿಸಿಕೊಂಡು ನೀರಿನ ಅಂಚನ್ನು ಗುರುತಿಸಿ ನೋಡಿ. ಈ ಕೆಲಸ ಹಿಡಿಸುತ್ತದೋ ಇಲ್ಲವೋ ಸೇರುವ ಮುಂಚೆಯೇ ಗೊತ್ತಾಗುತ್ತದೆ.

ಡಿಪ್ಲೊಮಾ ಮುಗಿಸಿದವರು ಹಳೆಯ ಕ್ರೆಡಿಟ್, ಅಂದರೆ ಆಗಲೇ ಓದಿ ಪಾಸಾದ ವಿಷಯಗಳ ಲೆಕ್ಕ, ಪದವಿಗೆ ಎಷ್ಟು ಸೇರುತ್ತದೆ ಅಂತ ಬರವಣಿಗೆಯಲ್ಲೇ ಪಡೆಯಿರಿ. ಅದರಿಂದ ಓದು ಒಂದು ವರ್ಷ ಕಡಿಮೆಯಾದರೆ ಆ ವರ್ಷದ ಫೀಸೂ ಉಳಿಯುತ್ತದೆ.