ಜರ್ಮನಿಗೆ ಹೊರಟ ಸಸ್ಯಾಹಾರಿಗಳಿಗೆ: ಊಟ ಹುಡುಕಿಕೊಳ್ಳುವ ಬಗೆ

ಆಗಸ್ಟ್ ಬಂತೆಂದರೆ ಸರಸ್ವತಿಪುರಂನ ನಮ್ಮ ಮನೆಗೆ ಯಾರಾದರೂ ಬಂದು ಕೂರುತ್ತಾರೆ. ಮಗನಿಗೋ ಮಗಳಿಗೋ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ಕಿರುತ್ತದೆ, ಅಕ್ಟೋಬರ್‌ನಲ್ಲಿ ಸೆಮಿಸ್ಟರ್ ಶುರು. ವೀಸಾ, ಬ್ಯಾಂಕು, ರೂಮು ಎಲ್ಲ ಅವರೇ ನೋಡಿಕೊಂಡಿರುತ್ತಾರೆ. ನನ್ನ ಹತ್ತಿರ ಬರುವುದು ಒಂದೇ ಪ್ರಶ್ನೆಗೆ: "ಆಂಟಿ, ಅಲ್ಲಿ ನಮ್ಮಂಥವರಿಗೆ ಊಟ ಸಿಗುತ್ತಾ?"

ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಸ್ಟುಟ್‌ಗಾರ್ಟ್‌ನಲ್ಲಿ ಸಂಸಾರ ಮಾಡಿ, ಮಕ್ಕಳನ್ನು ಬೆಳೆಸಿ, ಮೊಟ್ಟೆ ಕೂಡ ಮುಟ್ಟದೆ ಇದ್ದು ಬಂದವಳು ನಾನು. ಒಂದೇ ವ್ಯತ್ಯಾಸ. ಇಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದ್ದರೆ ನಾವು ಇನ್ನೇನೂ ನೋಡುವುದಿಲ್ಲ. ಅಲ್ಲಿ ಆ ಚುಕ್ಕೆ ಇಲ್ಲ, ನಾವೇ ಓದಬೇಕು. ಓದುವುದು ರೂಢಿಯಾದರೆ ಮುಕ್ಕಾಲು ಕಷ್ಟ ಕಳೆಯಿತು.

ಹೊರಡುವ ಮೊದಲು ಮನೆಯವರೆಲ್ಲ ಕೂತು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮ್ಮ ಗೆರೆ ಎಲ್ಲಿ? ಕೇಕಿನಲ್ಲಿ ಮೊಟ್ಟೆ ಇದ್ದರೆ ನಡೆಯುತ್ತದಾ? ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಹಾಕಿ ಮಾಡಿದ ಚೀಸ್? ಮಾಂಸ ಕರಿದ ಎಣ್ಣೆಯಲ್ಲೇ ಕರಿದ ಆಲೂಗಡ್ಡೆ? ಒಬ್ಬೊಬ್ಬರದು ಒಂದೊಂದು ಉತ್ತರ, ನಾನು ಯಾರಿಗೂ ಇಷ್ಟೇ ಸರಿ ಅಂತ ಹೇಳುವುದಿಲ್ಲ. ಆದರೆ ಹಸಿದು ಅಂಗಡಿಯಲ್ಲಿ ನಿಂತಾಗ ಇದನ್ನು ಯೋಚಿಸಲು ಹೋಗಬೇಡಿ. ಮೈಸೂರಲ್ಲೇ ಯೋಚಿಸಿ.

ವಿಮಾನದ ಊಟ ಮುಂಚೆಯೇ ಬುಕ್ ಮಾಡಿ. ಆರಿಸಬೇಕಾದ್ದು ಎ.ವಿ.ಎಂ.ಎಲ್., ಅಂದರೆ ಏಷ್ಯನ್ ಸಸ್ಯಾಹಾರಿ ಊಟ. ಜೈನ ಊಟಕ್ಕೆ ವಿ.ಜೆ.ಎಂ.ಎಲ್. ಪಟ್ಟಿಯಲ್ಲಿ "ಹಿಂದೂ ಮೀಲ್" ಅಂತ ಒಂದು ಕಾಣುತ್ತದೆ, ಎಚ್.ಎನ್.ಎಂ.ಎಲ್. ಹೆಸರು ನೋಡಿ ಅದನ್ನು ಒತ್ತಬೇಡಿ. ಅದು ಮಾಂಸದೂಟ. ದನ, ಹಂದಿ ಬಿಟ್ಟಿರುತ್ತಾರೆ ಅಷ್ಟೇ.

ಸಾಮಾನಿನ ವಿಷಯಕ್ಕೆ ಬರೋಣ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಸಾಸಿವೆ, ಇಂಗು, ಒಣಗಿಸಿದ ಕರಿಬೇವು ಎರಡು ತಿಂಗಳಿಗಾಗುವಷ್ಟು ಇರಲಿ. ಮಂಡ್ಯದ ಕಡೆಯ ಮಕ್ಕಳು ಮುದ್ದೆ ಇಲ್ಲದೆ ಇರಲಾರರು, ರಾಗಿ ಹಿಟ್ಟು ಒಂದೆರಡು ಕೆಜಿ ಹಾಕಿಕೊಳ್ಳಿ. ಮುಗಿದ ಮೇಲೆ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ತುಪ್ಪ, ಪನೀರು, ಖೋವಾ ಕಟ್ಟಬೇಡಿ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಹಸಿ ಕರಿಬೇವು, ತರಕಾರಿ, ವೀಳ್ಯದೆಲೆಗೂ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. 2019ರ ಡಿಸೆಂಬರ್‌ನಿಂದ ಈ ನಿಯಮ ಬಿಗಿಯಾಗಿದೆ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡ್ಯೂರಿಯನ್ ಐದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ನಂಜನಗೂಡು ರಸಬಾಳೆ ನಾಲ್ಕು ಇಟ್ಟುಕೊಂಡರೆ ತೊಂದರೆಯಿಲ್ಲ. ಇನ್ನೊಂದು ಮಾತು, ಇದನ್ನು ಓದಿ ದುಬೈಗೋ ಸಿಂಗಪುರಕ್ಕೋ ಹೊರಟವರು ಗಸಗಸೆ ಮಾತ್ರ ಒಯ್ಯಬೇಡಿ. ಅಲ್ಲಿ ಅದು ನಿಷೇಧ. ಜರ್ಮನಿಯಲ್ಲಿ ಗಸಗಸೆ ಹಾಕಿಯೇ ಕೇಕ್ ಮಾಡುತ್ತಾರೆ!

ಈಗ ಓದುವ ಕಲೆ. ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಪ್ಯಾಕೆಟ್ ತಿರುಗಿಸಿ. "ತ್ಸೂಟಾಟೆನ್" ಅಂತ ಶುರುವಾಗುವ ಸಾಲೇ ಪದಾರ್ಥಗಳ ಪಟ್ಟಿ. ಅದರಲ್ಲಿ ಕೆಲವು ಪದಗಳು ದಪ್ಪ ಅಕ್ಷರದಲ್ಲಿರುತ್ತವೆ. ಅಲರ್ಜಿ ತರುವ 14 ಪದಾರ್ಥಗಳನ್ನು ಹೀಗೆ ಎದ್ದು ಕಾಣುವಂತೆ ಬರೆಯಬೇಕು ಅಂತ ಯುರೋಪಿನ ಕಾನೂನು, 2014ರಿಂದ ಜಾರಿಯಲ್ಲಿದೆ. ಮೊಟ್ಟೆ, ಮೀನು, ಸಿಗಡಿ, ಹಾಲು ಈ ಹದಿನಾಲ್ಕರಲ್ಲಿವೆ. "ಆಯ್" ಅಂತ ದಪ್ಪಗೆ ಕಂಡರೆ ಮೊಟ್ಟೆ, "ಫಿಶ್" ಅಂದರೆ ಮೀನು. ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ಆದರೆ ಮಾಂಸ ಅಲರ್ಜಿ ಪಟ್ಟಿಯಲ್ಲಿ ಇಲ್ಲ. ಅದು ತೆಳ್ಳಗಿನ ಅಕ್ಷರದಲ್ಲೇ, ಪಟ್ಟಿಯ ಮಧ್ಯೆ ಸುಮ್ನೆ ಕೂತಿರುತ್ತದೆ. ಆದ್ದರಿಂದ ಎರಡು ಸಲ ಓದಿ. ಮೊದಲು ದಪ್ಪ ಅಕ್ಷರ, ಆಮೇಲೆ ನಿಧಾನವಾಗಿ ಮಿಕ್ಕದ್ದು.

ನಿಧಾನವಾಗಿ ಓದುವಾಗ ಹುಡುಕಬೇಕಾದ್ದು ಇಷ್ಟು. ಫ್ಲೈಶ್ ಅಂದರೆ ಮಾಂಸ. ಷ್ಪೆಕ್ ಅಂದರೆ ಹಂದಿಯ ಕೊಬ್ಬಿನ ತುಂಡು. ಗೆಲಟೀನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದು. ಜಗಿಯುವ ಮಿಠಾಯಿಗಳಲ್ಲಿ ಅದು ಇದ್ದೇ ಇರುತ್ತದೆ ಅಂದುಕೊಳ್ಳಿ, ಕೆಲವು ಹಣ್ಣಿನ ಮೊಸರು, ಕ್ರೀಮಿನ ಸಿಹಿಗಳಲ್ಲೂ ಇರುತ್ತದೆ. ಲಾಬ್ ಅಂದರೆ ಚೀಸ್ ಮಾಡಲು ಹಾಕುವ ಕಿಣ್ವ. "ಮಿಕ್ರೋಬಿಯೆಲ್" ಅಂತ ಜೊತೆಗೆ ಬರೆದಿದ್ದರೆ ಅದು ಪ್ರಾಣಿಯದಲ್ಲ. ಪಾರ್ಮೆಸಾನ್ ಚೀಸಿಗೆ ಕರುವಿನ ಕಿಣ್ವವೇ ಆಗಬೇಕು ಅಂತ ನಿಯಮ, ಹಾಗಾಗಿ ಪಾರ್ಮೆಸಾನ್ ಹಾಕಿದ ಪೆಸ್ಟೊ ಅನ್ನುವ ಇಟಲಿಯ ಚಟ್ನಿ ಕೂಡ ಅದೇ ಲೆಕ್ಕಕ್ಕೆ ಬರುತ್ತದೆ. ಇ 120 ಅಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ. ಷ್ಮಾಲ್ಟ್ಸ್ ಅಂದರೆ ಸಾಮಾನ್ಯವಾಗಿ ಹಂದಿ ಕೊಬ್ಬು. ಆದರೆ "ಬುಟರ್‌ಷ್ಮಾಲ್ಟ್ಸ್" ನಮ್ಮ ತುಪ್ಪವೇ! ಎಲ್ಲ ಅಂಗಡಿಯಲ್ಲೂ ಇರುತ್ತದೆ. ಈ ಪದಗಳನ್ನು ಜರ್ಮನ್ ಕಾಗುಣಿತದಲ್ಲೇ ಒಂದು ಚೀಟಿಯಲ್ಲಿ ಬರೆದು ಫೋನ್ ಕವರ್ ಒಳಗೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಓದಲು ಪುರುಸೊತ್ತಿಲ್ಲದ ದಿನ ಹಳದಿ ಹಸಿರು ಬಣ್ಣದ ವಿ-ಲೇಬಲ್ ಹುಡುಕಿ. ಅದರ ಕೆಳಗೆ "ವೀಗನ್" ಅಂತಿದೆಯಾ, "ವೆಗೆಟಾರಿಶ್" ಅಂತಿದೆಯಾ ನೋಡಿ. ವೀಗನ್ ಅಂದರೆ ಮಾಂಸ, ಮೊಟ್ಟೆ ಅಷ್ಟೇ ಅಲ್ಲ, ಹಾಲೂ ಇಲ್ಲದ್ದು. ವೆಗೆಟಾರಿಶ್ ಅಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಸೇರಿಯೇ. ಮೊಟ್ಟೆ ತಿನ್ನದವರು ವೀಗನ್ ಅಂತ ಬರೆದದ್ದನ್ನೇ ತೆಗೆದುಕೊಂಡು, ಹಾಲು ಮೊಸರು ಬೇರೆ ಕೊಂಡುಕೊಳ್ಳುವುದು ಎಲ್ಲಕ್ಕಿಂತ ಸುಲಭ. ನನ್ನ ಮಕ್ಕಳ ಬಿಸ್ಕತ್ತು, ಕೇಕು ಎಲ್ಲ ಹಾಗೇ ನಡೆಯಿತು.

ಮೊದಲ ವಾರ ಇಂಡಿಯನ್ ಅಂಗಡಿ ಹುಡುಕಿಕೊಂಡು ಅಲೆಯಬೇಡಿ. ಮನೆ ಪಕ್ಕದ ಅಂಗಡಿಯಲ್ಲೇ ಅಡುಗೆ ಆಗುತ್ತದೆ. "ರೋಟೆ ಲಿನ್ಸೆನ್" ಅಂದರೆ ಮಸೂರ್ ಬೇಳೆ. ಕುಕ್ಕರ್ ಬೇಡ, ಕಾಲು ಗಂಟೆಯಲ್ಲಿ ಬೇಯುತ್ತದೆ. ಟೊಮೇಟೊ ಹೆಚ್ಚಿ ಹಾಕಿ, ಮನೆಯಿಂದ ತಂದ ಸಾರಿನ ಪುಡಿ ಹಾಕಿ, ಬುಟರ್‌ಷ್ಮಾಲ್ಟ್ಸ್‌ನಲ್ಲಿ ಸಾಸಿವೆ ಇಂಗು ಒಗ್ಗರಣೆ ಕೊಟ್ಟರೆ ಸಾರು ತಯಾರು. "ಮಿಲ್ಶ್‌ರೈಸ್" ಅಂತ ಗುಂಡನೆಯ ಅಕ್ಕಿ ಬರುತ್ತದೆ, ಅವರು ಪಾಯಸದಂಥ ಸಿಹಿಗೆ ಬಳಸುತ್ತಾರೆ. ಅದರಲ್ಲಿ ಮೊಸರನ್ನ ಬಹಳ ಚೆನ್ನಾಗಿ ಆಗುತ್ತದೆ. ಮೊಸರಿಗೆ 3.5 ಪರ್ಸೆಂಟ್ ಕೊಬ್ಬಿನ ಸಾದಾ ಮೊಸರು ತೆಗೆದುಕೊಳ್ಳಿ. ಹುಳಿ ಕಡಿಮೆ ಅನ್ನಿಸಿದರೆ ಸ್ವಲ್ಪ "ಬುಟರ್‌ಮಿಲ್ಶ್", ಅಂದರೆ ಮಜ್ಜಿಗೆ, ಸೇರಿಸಿ.

ಉಪ್ಪಿಟ್ಟಿಗೆ "ವೈಶ್‌ವೈಟ್ಸೆನ್ ಗ್ರೀಸ್" ಅನ್ನುವ ರವೆ. ನಮ್ಮ ಉಪ್ಪಿಟ್ಟು ರವೆಗಿಂತ ಸಣ್ಣದು, ಘಮ ಬರುವ ತನಕ ಹುರಿಯದಿದ್ದರೆ ಅಂಟಂಟಾಗುತ್ತದೆ. ಒಂದು ಲೋಟಕ್ಕೆ ಎರಡೂವರೆ ಲೋಟ ನೀರು ಸಾಕು.

ಎರಡನೇ ವಾರ ಟರ್ಕಿಯವರ ಅಂಗಡಿ ಪತ್ತೆ ಹಚ್ಚಿ. ಯಾವ ಊರಿಗೆ ಹೋದರೂ ಒಂದು ಇರುತ್ತದೆ. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ಬದನೆ, ಬೆಂಡೆ, ಕಡಲೆಕಾಳು, ಬಕೆಟ್ಟುಗಟ್ಟಲೆ ಮೊಸರು ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಆಯ್ರಾನ್ ಅಂತ ಬಾಟಲಿ ಇದ್ದರೆ ತೆಗೆದುಕೊಳ್ಳಿ, ಉಪ್ಪು ಹಾಕಿದ ಮಜ್ಜಿಗೆ ಅದು. ತೊಗರಿಬೇಳೆ, ಉದ್ದಿನಬೇಳೆ, ಹುಣಸೆಹಣ್ಣಿಗೆ ಮಾತ್ರ ಇಂಡಿಯನ್ ಅಂಗಡಿ ಬೇಕು, ತಿಂಗಳಿಗೊಮ್ಮೆ ಹೋದರಾಯಿತು. ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಶನಿವಾರವೇ ತಂದಿಟ್ಟುಕೊಳ್ಳಿ.

ಮಿಕ್ಸಿ ಒಯ್ಯಬಹುದು. ಅಲ್ಲಿಯೂ ನಮ್ಮ ಹಾಗೆ 230 ವೋಲ್ಟ್, ಗಟ್ಟಿಯಾದ ಪ್ಲಗ್ ಅಡಾಪ್ಟರ್ ಇದ್ದರೆ ಸಾಕು. ದೋಸೆ ಹಿಟ್ಟು ಚಳಿಗೆ ಹುದುಗುವುದಿಲ್ಲ. ಓವನ್ ಬಿಸಿ ಮಾಡದೆ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯೆಲ್ಲ ಇಡಿ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ, ಮನೆಮನೆಗೂ ಹೊಗೆ ಅಲಾರಂ ಇರುತ್ತದೆ, ಒಣಮೆಣಸಿನಕಾಯಿ ಘಾಟಿಗೆ ಕೂಗಿಕೊಳ್ಳುತ್ತದೆ. ಹಾಸ್ಟೆಲ್‌ನಲ್ಲಿ ಅಡುಗೆಮನೆ ಎಲ್ಲರದೂ. ಒಂದು ಬಾಣಲೆ, ಒಂದು ಪಾತ್ರೆ, ಒಂದು ಸೌಟು ನಿಮ್ಮದೇ ಇರಲಿ, ರೂಮಿನಲ್ಲೇ ಇಟ್ಟುಕೊಳ್ಳಿ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೊರಗೆ ತಿನ್ನುವಾಗ ಮಾತ್ರ ತುಂಬ ಹುಷಾರು. ನಮ್ಮ ಮನೆ ಹತ್ತಿರದ ಒಂದು ಹೋಟೆಲಿನಲ್ಲಿ ಆಲೂಗಡ್ಡೆ ಸಲಾಡ್ ಇತ್ತು. ಮಾಂಸ ಇದೆಯಾ ಅಂತ ಕೇಳಿದೆ. ಬಡಿಸುವಾಕೆ "ಇಲ್ಲವೇ ಇಲ್ಲ" ಅಂದಳು. ಯಾವುದರಲ್ಲಿ ಕಲಸಿದ್ದೀರಿ ಅಂತ ಇನ್ನೊಮ್ಮೆ ಕೇಳಿದೆ. "ಫ್ಲೈಶ್‌ಬ್ರೂಯೆ" ಅಂದಳು, ಅಂದರೆ ಮಾಂಸ ಬೇಯಿಸಿದ ನೀರು. ಆ ಪ್ರಾಂತ್ಯದಲ್ಲಿ ಅದೇ ಪದ್ಧತಿ. ಆಕೆ ಸುಳ್ಳು ಹೇಳಲಿಲ್ಲ. ಅಲ್ಲಿ ಬಹಳ ಜನಕ್ಕೆ ಕಣ್ಣಿಗೆ ಕಾಣುವ ತುಂಡು ಮಾತ್ರ ಮಾಂಸ. ಅದಕ್ಕೇ ನೀವು ಕೇಳಬೇಕಾದ ಪ್ರಶ್ನೆ ಬೇರೆ: ಯಾವ ನೀರಲ್ಲಿ ಬೇಯಿಸಿದ್ದು? ಯಾವ ಕೊಬ್ಬಲ್ಲಿ ಹುರಿದದ್ದು? ತರಕಾರಿ ಸೂಪು, ಕೆಂಪು ಕೋಸಿನ ಪಲ್ಯ, ಹುರಿದ ಆಲೂಗಡ್ಡೆ ಮೂರಕ್ಕೂ ಇದನ್ನು ಕೇಳಿ. ಬ್ರೆಟ್ಸೆಲ್ ಅನ್ನುವ ಗಂಟು ಬ್ರೆಡ್ಡಿಗೂ ಕೆಲವು ಬೇಕರಿಯವರು ಹಂದಿ ಕೊಬ್ಬು ಹಾಕುತ್ತಾರೆ.

ಬಾಯಿಪಾಠ ಮಾಡಿಕೊಳ್ಳಬೇಕಾದ ವಾಕ್ಯ: "ಇಶ್ ಎಸ್ಸೆ ಕೈನ್ ಫ್ಲೈಶ್, ಕೈನನ್ ಫಿಶ್, ಕೈನೆ ಆಯರ್." ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ ಅಂತ. ಹೀಗೆ ಬಿಡಿಬಿಡಿಯಾಗಿ ಹೇಳಿದರೆ ಅಡುಗೆಯವರು ನಿಜಕ್ಕೂ ಒಳಗೆ ಹೋಗಿ ನೋಡಿಕೊಂಡು ಬರುತ್ತಾರೆ. ಪೇಟೆಯಲ್ಲಿ ಹಸಿವಾದರೆ ಫಲಾಫಲ್ ಒಳ್ಳೆಯದು, ಕಡಲೆಕಾಳು ರುಬ್ಬಿ ಕರಿದ ವಡೆ. ಎಣ್ಣೆ ಬೇರೆಯಾ ಅಂತ ಕೇಳಿ. ಥಾಯ್ ಹೋಟೆಲಿನಲ್ಲಿ ಮೀನಿನ ಸಾಸ್ ಬಗ್ಗೆ ಕೇಳಿ. ಯೂನಿವರ್ಸಿಟಿ ಕ್ಯಾಂಟೀನಿಗೆ ಮೆನ್ಸಾ ಅನ್ನುತ್ತಾರೆ, ಅಲ್ಲಿ ವೀಗನ್ ಊಟಕ್ಕೆ ಬೇರೆ ಗುರುತು ಹಾಕಿರುತ್ತಾರೆ, ಬೆಲೆಯೂ ಕಡಿಮೆ. ಹೊಸ ಊರಿಗೆ ಹೋದಾಗ ಹ್ಯಾಪಿಕೌ ಆ್ಯಪ್ ತೆರೆದರೆ ಸಸ್ಯಾಹಾರಿ ಹೋಟೆಲು ಎಲ್ಲಿದೆ ಅಂತ ತೋರಿಸುತ್ತದೆ.

ಸಹಪಾಠಿಗಳು ಮನೆಗೆ ಕರೆದರೆ ತಪ್ಪಿಸಿಕೊಳ್ಳಬೇಡಿ. ಏನು ತಿನ್ನುವುದಿಲ್ಲ ಅಂತ ಕರೆದ ದಿನವೇ ಹೇಳಿ, ಜೊತೆಗೆ ಒಂದು ದೊಡ್ಡ ಡಬ್ಬಿ ಚಿತ್ರಾನ್ನ ಒಯ್ಯಿರಿ. ಬೇಸಿಗೆಯಲ್ಲಿ ಹೊರಗೆ ಕೆಂಡ ಮಾಡಿ ಸುಡುವ ಊಟ ಇದ್ದರೆ, ಜೋಳದ ತೆನೆ, ದಪ್ಪಮೆಣಸಿನಕಾಯಿ, ಅಣಬೆ ನೀವೇ ತೆಗೆದುಕೊಂಡು ಹೋಗಿ. ಸುಡುವ ಜಾಲರಿಯ ಒಂದು ಮೂಲೆಗೆ ಅಲ್ಯೂಮಿನಿಯಂ ಹಾಳೆ ಹಾಸಿಕೊಂಡು, ಮಾಂಸ ಇಡುವ ಮೊದಲೇ ನಿಮ್ಮದನ್ನು ಸುಟ್ಟುಕೊಳ್ಳಿ.