ಟಿಕ್ ಹಾಕೋದು ಬಿಟ್ಟು ಮಾತಿಗೆ ಕೂತದ್ದು

ದಿನಕ್ಕೆ ಮೂರು ಅಧ್ಯಾಯ, ಭಾನುವಾರ ಐದು. ಹೀಗೆ ಓದಿದರೆ ಸತ್ಯವೇದದ, ಅಂದರೆ ಬೈಬಲಿನ, 1189 ಅಧ್ಯಾಯಗಳೂ ಒಂದು ವರ್ಷದಲ್ಲಿ ಮುಗಿಯುತ್ತವೆ. ನಮ್ಮ ಮನೆಯಲ್ಲಿ ಇದು ಅತ್ತೆಯವರ ಕಾಲದಿಂದ ಬಂದ ಲೆಕ್ಕ. ಓದಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಟಿಕ್, ಉಪವಾಸದ ಶುಕ್ರವಾರಕ್ಕೆ ಸುತ್ತು. ಬೀದರಿನ ಮಂಗಲಪೇಟೆಯ ಮೆಥೋಡಿಸ್ಟ್ ಕ್ರೈಸ್ತರ ಮನೆಗಳಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ನಾನು ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಗ್ಗೆ, ಕಣ್ಣು ಎಳೆಯುತ್ತಿದ್ದರೂ ಸತ್ಯವೇದದ ಅರಣ್ಯಕಾಂಡದಲ್ಲಿರುವ ಗೋತ್ರಗಳ ಪಟ್ಟಿ ಓದಿ, ಟಿಕ್ ಹಾಕಿ ಮಲಗುವುದು ರೂಢಿಯಾಗಿತ್ತು. ಏನು ಓದಿದೆ ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ರೋಗಿಯ ಮುಖ ನೋಡದೆ ಜ್ವರ, ನಾಡಿ, ಉಸಿರಾಟದ ಟಿಪಿಆರ್ ಚಾರ್ಟ್ ತುಂಬಿದ ಹಾಗೆ.

ಹೀಗೆ ಬೇಡ ಅನಿಸಿ ರೂಢಿ ಬದಲಿಸಿದೆ. ಮೊದಲು ಇಳಿಸಿದ್ದು ಓದಿನ ಅಳತೆಯನ್ನು. ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದೇ ಕೀರ್ತನೆ, ಬಾಯಿಬಿಟ್ಟು ಓದುವುದು. ಮನಸ್ಸಿಗೆ ತಾಕುವ ತನಕ ಮರುದಿನವೂ ಅದನ್ನೇ ಓದುವುದು. 13ನೆಯ ಕೀರ್ತನೆಯ ಮೊದಲೆರಡು ವಚನಗಳಲ್ಲೇ ದಾವೀದ ನಾಲ್ಕು ಸಲ 'ಇನ್ನೂ ಎಲ್ಲಿಯವರೆಗೆ' ಅಂತ ದೇವರನ್ನು ಕೇಳುತ್ತಾನೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಸತ್ಯವೇದದೊಳಗೇ ದೇವರ ಸಂಗಡ ಇಷ್ಟು ತಕರಾರು ಇರುವಾಗ, ಚರ್ಚಿನ ಸಭೆಯಲ್ಲಿ ಕಲಿತ ಪುಸ್ತಕದ ಮಾತಿನಲ್ಲೇ ಪ್ರಾರ್ಥಿಸುವುದು ಯಾಕೆ? ನಮ್ಮ ಬೀದರ್ ಮಾತಿಗೇ ಇಳಿದೆ. "ಯಪ್ಪಾ, ಇವತ್ತ ಭಾಳ ಪರೇಶಾನ್ ಆಗ್ಯಾದ. ಮಾತಾಡ್ಲಿಕ್ ಮನಸ್ಸಿಲ್ಲ, ಸುಮ್ಮ ಕುಂದರ್ತೀನಿ." ಕೆಲವು ದಿನ ಅಷ್ಟೇ ಪ್ರಾರ್ಥನೆ.

ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಅಂತ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ್ದಾರೆ. ಎರಡು ಖೋಲಿಯ ಮನೆಯಲ್ಲಿ ಅಂಥ ಕೋಣೆ ಎಲ್ಲಿಂದ ತರುವುದು? ವಾರ್ಡಿನ ಲಿನೆನ್ ರೂಮು ನನಗೆ ಒದಗಿತು. ರಾತ್ರಿ ಔಷಧದ ರೌಂಡ್ ಮುಗಿದ ಮೇಲೆ, ಮಡಚಿಟ್ಟ ಬೆಡ್‌ಶೀಟುಗಳ ನಡುವೆ ನಿಂತೇ, ಯಾವ ಬೆಡ್ಡಿನವರ ಸ್ಥಿತಿ ಹೆಂಗಿದೆ ಅಂತ ಹೇಳಿಕೊಳ್ಳುವೆ. ಕರೆ ಬಂದರೆ ಅರ್ಧಕ್ಕೇ ಬಿಟ್ಟು ಓಡುತ್ತೇನೆ. ಆಮೆನ್ ಎಷ್ಟೋ ಸಲ ಉಳಿದೇ ಹೋಗಿದೆ.

ಉಪವಾಸ ಬಿಡಲಿಲ್ಲ, ಅದರ ದಿಕ್ಕು ತಿರುಗಿಸಿದೆ. ಹಸಿದವನಿಗೆ ರೊಟ್ಟಿ ಹಂಚುವುದೇ ತನಗೆ ಬೇಕಾದ ಉಪವಾಸ ಅಂತ ಯೆಶಾಯ ಪ್ರವಾದಿಯ ಪುಸ್ತಕದ 58ನೆಯ ಅಧ್ಯಾಯದಲ್ಲಿ ದೇವರು ಹೇಳುತ್ತಾನೆ. ಹಳ್ಳಿಯಿಂದ ರೋಗಿಯ ಜೊತೆ ಬಂದು ವರಾಂಡದಲ್ಲಿ ಮಲಗುವವರಿಗೆ ಒಂದು ಹೊತ್ತಿನ ಜ್ವಾಳದ ರೊಟ್ಟಿ, ಪಲ್ಯ ದೊಡ್ಡದು. ನನ್ನ ಪಾಲಿನದು ಅವರಿಗೆ ಹೋಗುತ್ತದೆ. ಅದು ಶುಕ್ರವಾರವೇ ಆಗಬೇಕೆಂದಿಲ್ಲ.

ಇದೆಲ್ಲ ಅತ್ತೆಯವರಿಗೆ ಒಪ್ಪಿಗೆಯಾಗಲಿಲ್ಲ. "ನೇಮ ಬಿಟ್ರ ನೆಪ್ಪ ಬಿಟ್ಟಂಗ, ನೋಡವಾ" ಅಂದರು. ಮಾವನವರು ತೀರಿಹೋದಾಗ ಅತ್ತೆಯವರ ಬಾಯಿಂದ ಒಂದು ಪ್ರಾರ್ಥನೆಯೂ ಹೊರಡುತ್ತಿರಲಿಲ್ಲವಂತೆ. ದಿನದ ಮೂರು ಅಧ್ಯಾಯವೇ ಕೈಹಿಡಿದು ನಡೆಸಿತಂತೆ. ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ, ಹುಡುಕಲೂ ಇಲ್ಲ.

ನಾನು ಮೆಥೋಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿಯವರ ಕಥೆ ತೆಗೆದೆ. ಆಕ್ಸ್‌ಫರ್ಡಿನಲ್ಲಿ ಬುಧವಾರ, ಶುಕ್ರವಾರ ಉಪವಾಸ, ಜೈಲಿನ ಭೇಟಿ, ಗಂಟೆಗಂಟೆಗೂ ನೇಮ. ಅಷ್ಟಾದರೂ ಒಳಗೆ ನೆಮ್ಮದಿಯಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ಸತ್ಯವೇದದಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುವುದನ್ನು ಕೇಳುತ್ತಿದ್ದಾಗ ಅವರ ಹೃದಯ ಬೆಚ್ಚಗಾಯಿತು. ಪ್ರಸಂಗಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆದರೆ 1743ರಲ್ಲಿ ತಮ್ಮ ಸಂಘಗಳಿಗೆ ಸಾಮಾನ್ಯ ನಿಯಮಗಳನ್ನು ಬರೆದುಕೊಟ್ಟವರೂ ಅವರೇ: ಕೇಡು ಮಾಡಬೇಡ, ಒಳ್ಳೆಯದು ಮಾಡು, ಆರಾಧನೆ, ಕರ್ತನ ಭೋಜನ (ಸಭೆಯಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು), ಉಪವಾಸ ಬಿಡಬೇಡ. ಮೊದಲು ಬೆಚ್ಚಗಾದದ್ದು, ಆಮೇಲೆ ನಿಯಮ, ಅಂತ ನಾನು ಒತ್ತಿ ಹೇಳಿದರೆ ಅತ್ತೆ, "ಮತ್ತ ನಾ ಏನ್ ಅಂದೆ?" ಅಂದರು.

ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ಪಕ್ಷ. 'ನನಗೂ ದೇವರಿಗೂ ನೇರ ಸಂಬಂಧ' ಅಂತ ಸಭೆಯನ್ನೇ ಬಿಡುವವರದು ನನಗೆ ಹಿಡಿಸುವುದಿಲ್ಲ. ಬಹಳ ಸಲ ಅದು ಸೋಮಾರಿತನ. ಭಾನುವಾರ ಡ್ಯೂಟಿ ಬಿದ್ದರೆ ಹೋಗುವುದಿಲ್ಲ, ಅದಕ್ಕೆ ಈಗ ಅಂಜಿಕೆಯೂ ಇಲ್ಲ. ಆದರೆ ಕರ್ತನ ಭೋಜನದ ವಾರ ಡ್ಯೂಟಿ ಬದಲಾಯಿಸಿಕೊಂಡಾದರೂ ಹೋಗುತ್ತೇನೆ. ಅದನ್ನು ಒಬ್ಬಳೇ ಮಾಡಲಾಗದು.

ಮಗಳು ಈಗ ಪಿಯುಸಿ. ತಾನೂ ಕ್ಯಾಲೆಂಡರಿಗೆ ಟಿಕ್ ಹಾಕಬೇಕಾ ಅಂತ ಕೇಳಿದಳು. ಬೇಡ ಅಂದೆ. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದೇ ಚಿಕ್ಕದು, 16 ಅಧ್ಯಾಯ. ತಾರೀಖಿನ ಹಂಗಿಲ್ಲದೆ ಓದು, ತಿಳಿಯದ ಕಡೆ ಪೆನ್ಸಿಲ್ಲಿನಿಂದ ಪ್ರಶ್ನೆ ಬರಿ ಅಂದೆ. 7ನೆಯ ಅಧ್ಯಾಯಕ್ಕೆ ಬಂದು ನಿಂತಿದ್ದಾಳೆ, ಶಿಷ್ಯರು ಕೈ ತೊಳೆಯದೆ ಊಟಕ್ಕೆ ಕೂತದ್ದಕ್ಕೆ ಕಟ್ಟುನಿಟ್ಟಿನ ಯೆಹೂದಿ ಪಂಥದವರಾದ ಫರಿಸಾಯರು ಜಗಳ ತೆಗೆದ ಜಾಗಕ್ಕೆ. "ಮಮ್ಮಿ, ನಾ ಕೈ ತೊಳಿಲಿಲ್ಲ ಅಂದ್ರ ನೀ ಬೈತಿ. ಯೇಸುಸ್ವಾಮಿ ಯಾಕ ಬೈಲಿಲ್ಲ?" ಅಲ್ಲಿ ಜಗಳ ಕೈಯ ಕೊಳೆಯ ಬಗ್ಗೆ ಅಲ್ಲ, ಹಿರಿಯರ ಸಂಪ್ರದಾಯದ್ದು, ಮುಂದೆ ಓದು, ತಂದೆತಾಯಿಗೆ ಕೊಡಬೇಕಾದದ್ದನ್ನು 'ದೇವರಿಗೆ ಮುಡಿಪು' ಅಂತ ತಪ್ಪಿಸಿಕೊಂಡವರ ಸುದ್ದಿಯೂ ಬರುತ್ತದೆ ಅಂದೆ. ಮತ್ತೆ ಊಟಕ್ಕೆ ಮಾತ್ರ ಕೈ ತೊಳೆದೇ ಬರಬೇಕು, ಅದು ಆಸ್ಪತ್ರೆಯ ನಿಯಮ ಅಂತಲೂ ಹೇಳಿದೆ.