ಮುಸುಕಿನ ಜೋಳದ ಅಗರ್‌ನಲ್ಲಿ ಕೂಸುಗಳ ಕ್ಯಾಂಡಿಡಾ ಗುರುತು: ನನ್ನ ಅನುಭವ

ಕೂಸುಗಳಲ್ಲಿ ಸಿಗುವ ಕ್ಯಾಂಡಿಡಾ ಎಂಬ ಶಿಲೀಂಧ್ರದ ಜಾತಿ ಗುರುತಿಸಲು, ಚಿಕ್ಕಬಳ್ಳಾಪುರದ ಸಂತೆಯ ಮುಸುಕಿನ ಜೋಳದಿಂದ ಮೀಡಿಯಾ, ಅಂದರೆ ಅದನ್ನು ಬೆಳೆಸುವ ಆಹಾರ, ಮಾಡುತ್ತೇನೆ ಎಂದಾಗ ಲ್ಯಾಬಿನ ಜೊತೆಯವರು ನಂಬಲಿಲ್ಲ. ‘ಜರ್ಮ್ ಟ್ಯೂಬ್ ಪಾಸಿಟಿವ್ವೋ ನೆಗೆಟಿವ್ವೋ ಬರೆದು ಕಳಿಸಿ, ಸಾಕು’ ಅಂದರು. ಕಣದಿಂದ ಮೊಳಕೆಯಂಥ ಕೊಳವೆ ಹೊರಡುತ್ತದೆಯೇ ಎಂದಷ್ಟೇ ನೋಡುವ ಆ ಪರೀಕ್ಷೆ ಎಳೆಗೂಸುಗಳ ವಿಷಯದಲ್ಲಿ ಸಾಲದು. ಕ್ಯಾಂಡಿಡಾದಲ್ಲಿ ಹಲವು ಜಾತಿಗಳಿವೆ. ಆಲ್ಬಿಕನ್ಸ್ ಆದರೆ ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಬಂದದ್ದು. ಪ್ಯಾರಾಪ್ಸಿಲೋಸಿಸ್ ಆದರೆ ಮೊದಲು ನಮ್ಮ ಕೈಗಳನ್ನು ಅನುಮಾನಿಸಬೇಕು, ಆಮೇಲೆ ಡ್ರಿಪ್ ಲೈನನ್ನು. ಕ್ರೂಸಿ ಆದರೆ ಶಿಲೀಂಧ್ರದ ಔಷಧಿ ಫ್ಲುಕೊನಜೋಲ್ ಕೊಟ್ಟೂ ಪ್ರಯೋಜನವಿಲ್ಲ.

ಜಾತಿಗೆ ತಕ್ಕ ಬಣ್ಣ ತೋರಿಸುವ ಕ್ರೋಮ್ ಅಗರ್ ಒಳ್ಳೆಯದೇ. ಆದರೆ ನಾವು ತರಿಸುವಾಗ ಒಂದು ಪ್ಲೇಟಿಗೆ ನೂರು ರೂಪಾಯಿ ದಾಟುತ್ತಿತ್ತು. ನನ್ನ ಪ್ಲೇಟು ಡಬ್ಬಿ ಸೇರಿ ಹನ್ನೆರಡು ಹದಿಮೂರು ರೂಪಾಯಿಗೆ ಮುಗಿಯುತ್ತದೆ.

ಲೀಟರ್ ನೀರಿಗೆ 40 ಗ್ರಾಂ ಮುಸುಕಿನ ಜೋಳದ ಹಿಟ್ಟು, 60 ಡಿಗ್ರಿಯಲ್ಲಿ ಒಂದು ಗಂಟೆ. ಕುದಿಸಿದರೆ ಗಂಜಿಯಾಗಿ ಸೋಸಲು ಬರುವುದಿಲ್ಲ. ಮೊದಲ ಎರಡು ಬ್ಯಾಚ್ ಹಾಗೆಯೇ ಚರಂಡಿ ಸೇರಿದವು. ಪಂಚೆ ಬಟ್ಟೆಯಲ್ಲಿ ಸೋಸಿ, ಮತ್ತೆ ಲೀಟರಿಗೆ ತುಂಬಿಸಿ, ಗಟ್ಟಿಯಾಗಿಸುವ ಅಗರ್ 15 ಗ್ರಾಂ, ‘ಟ್ವೀನ್ 80’ ಎಂಬ ದ್ರವ ಹತ್ತು ಮಿಲಿ ಹಾಕಿ ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ) ಕ್ರಿಮಿಶುದ್ಧಿ. ಸೋಸಿದ ನೀರನ್ನು ತಿಳಿಯಾಗಿಸಲು ನಡುವೆ ಇನ್ನೊಂದು ಹಂತವಿದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಕಂಪನಿ ಪ್ಲೇಟಿನ ಪಕ್ಕದಲ್ಲಿಟ್ಟರೆ ನನ್ನದೇ ತಿಳಿ.

ನಿಜವಾದ ಸೋಲು ಬಂದದ್ದು ಏಪ್ರಿಲ್‌ನಲ್ಲಿ. ಅಗರ್ ಕೊಯ್ದು ಕ್ಯಾಂಡಿಡಾದ ಗೆರೆ ಹಾಕಿ ಕವರ್‌ಸ್ಲಿಪ್ (ತೆಳು ಗಾಜು) ಮುಚ್ಚಿದ ಪ್ಲೇಟುಗಳಲ್ಲಿ ಆಲ್ಬಿಕನ್ಸ್‌ನ ಗುರುತಾದ ಕ್ಲಮೈಡೋಸ್ಪೋರ್ (ದಪ್ಪ ಗೋಡೆಯ ದುಂಡು ಕಣ) ಒಂದೂ ಕಾಣಲಿಲ್ಲ. ಜೊತೆಯವರು ಹಿಟ್ಟನ್ನು ದೂರಿದರು, ನಾನೂ ಜೋಳ ಬದಲಿಸಿ ಮೂರು ವಾರ ಕಳೆದೆ. ತಪ್ಪು ಕೋಣೆಯ ಬಿಸಿಯದು: 25 ಡಿಗ್ರಿ ಬೇಕಾದ ಕಡೆ ಮಧ್ಯಾಹ್ನ 34 ಇತ್ತು. ಒದ್ದೆ ಗೋಣಿ ಸುತ್ತಿದ ಮಣ್ಣಿನ ಮಡಕೆಯೊಳಗೆ, ಮುಚ್ಚಿದ ಡಬ್ಬಿಯಲ್ಲಿ ಪ್ಲೇಟಿಟ್ಟೆ. ಮೂರನೇ ದಿನ ಸೂಕ್ಷ್ಮದರ್ಶಕದ 40ಎಕ್ಸ್‌ನಲ್ಲಿ ಗೊಂಚಲು ಗೊಂಚಲಾಗಿ ಸಿಕ್ಕವು. ಅವತ್ತಿನಿಂದ ಯಾರೂ ಹಿಟ್ಟಿನ ಸುದ್ದಿ ಎತ್ತಿಲ್ಲ.

ರಾಗಿ ಹಿಟ್ಟಲ್ಲೂ ಮಾಡಿ ನೋಡಿದೆ. ಬೆಳೆಯುತ್ತದೆ, ಆದರೆ ಕಂದು ಬಣ್ಣದಲ್ಲಿ ಶಿಲೀಂಧ್ರದ ಎಳೆಗಳೇ ಕಾಣುವುದಿಲ್ಲ. ಅಕ್ಕಿ ಹಿಟ್ಟು ಚೆನ್ನಾಗಿ ಬರುತ್ತದೆ, ಜೋಳ ಸಿಗದಾಗ ಅದೇ.

ಸ್ವ್ಯಾಬ್ (ಹತ್ತಿಕಡ್ಡಿಯಲ್ಲಿ ತೆಗೆದ ಮಾದರಿ) ಕೆಟ್ಟರೆ ಮೀಡಿಯಾ ಎಷ್ಟು ಚೆನ್ನಾಗಿದ್ದರೂ ದಂಡ. ಒಣ ಸ್ವ್ಯಾಬ್ ಬೇಡ, ಸಲೈನ್‌ನಲ್ಲಿ ಅದ್ದಿ ಬಾಯಿ, ಕಂಕುಳು, ತೊಡೆಸಂದು ಮೂರೂ ಕಡೆ ತೆಗೆಯಿರಿ. ಬಾಯಿಯದನ್ನು ಹಾಲೂಡಿಸುವ ಮೊದಲೇ ತೆಗೆಯಬೇಕು. ಅಜ್ಜಿಯರು ಬಜೆ ತೇಯ್ದು ನೆಕ್ಕಿಸಿದ್ದಾರೆಯೇ, ಯಾರಾದರೂ ನೇರಳೆ ಔಷಧಿ ಹಚ್ಚಿದ್ದಾರೆಯೇ ಕೇಳಿ. ಜೆನ್ಷನ್ ವಯೊಲೆಟ್ ಬಿದ್ದ ನಾಲಿಗೆಯಿಂದ ಕಲ್ಚರ್‌ನಲ್ಲಿ ಏನೂ ಬೆಳೆಯದೆ ನಾಲ್ಕು ಸಲ ಮೋಸಹೋದೆ. ಸ್ವ್ಯಾಬನ್ನು ಮೊದಲು ಉಜ್ಜುವ ಸಾಬೊರಾಡ್ (ಶಿಲೀಂಧ್ರ ಬೆಳೆಸುವ ಮೀಡಿಯಾ) ಪ್ಲೇಟಿಗೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಾಂಫೆನಿಕಾಲ್ ಹಾಕದಿದ್ದರೆ ಬ್ಯಾಕ್ಟೀರಿಯಾ ಹಬ್ಬುತ್ತದೆ. ಎರಡು ಜಾತಿ ಬೆರೆತಿದ್ದರೆ ಬಿಡಿ ಕಾಲೊನಿ ಎತ್ತಿ ಮತ್ತೆ ಬೆಳೆಸಿ. ಜರ್ಮ್ ಟ್ಯೂಬನ್ನು ಮೂರು ಗಂಟೆಯೊಳಗೆ ನೋಡಿಬಿಡಿ, ತಡವಾದರೆ ಟ್ರಾಪಿಕಾಲಿಸ್ ಜಾತಿ ಆಲ್ಬಿಕನ್ಸ್‌ನಂತೆ ಕಂಡು ಮೋಸ ಮಾಡುತ್ತದೆ. ಅದರ ಎಳೆ ಬುಡದಲ್ಲಿ ಸೊಂಟದಂತೆ ಸಣ್ಣಗಾಗಿರುತ್ತದೆ.

ತುಂಬು ತಿಂಗಳ, ಚೆನ್ನಾಗಿ ಹಾಲು ಕುಡಿಯುವ ಕೂಸಿನ ಮೈಮೇಲೆ ಕ್ಯಾಂಡಿಡಾ ಸಿಕ್ಕಿತೆಂದು ಔಷಧಿ ಬೇಡ. ಬಾಯಲ್ಲಿ ಒರೆಸಿದರೂ ಸುಲಭಕ್ಕೆ ಹೋಗದ ಬಿಳಿ ಪದರವಿದ್ದರೆ ಮಾತು ಬೇರೆ, ಆಗ ತಾಯಿಯ ಮೊಲೆತೊಟ್ಟನ್ನೂ ನೋಡಬೇಕು. ಒಂದು ಕಿಲೋ ಒಳಗಿನ ಕೂಸು, ಸೆಫಲೋಸ್ಪೋರಿನ್ ಎಂಬ ಆ್ಯಂಟಿಬಯೋಟಿಕ್ ನಡೆಯುತ್ತಿದೆ, ಲೈನ್ ಹಾಕಿದೆ ಎಂದಾದರೆ ಅದೇ ವರದಿಯನ್ನು ಫೋನಿನಲ್ಲಿ ಹೇಳುತ್ತೇನೆ, ಕಾಗದಕ್ಕೆ ಕಾಯುವುದಿಲ್ಲ. ರಕ್ತದ ಕಲ್ಚರ್‌ನಲ್ಲಿ ಬಂದ ಕ್ಯಾಂಡಿಡಾವನ್ನು ಹೊರಗಿನಿಂದ ಸೇರಿದ್ದೆಂದು ಎಂದೂ ಬರೆಯಬೇಡಿ.

ಜೋಳದ ಅಗರ್‌ನಲ್ಲಿ ಎಳೆಯೇ ಇಲ್ಲದೆ ಬರೀ ಮೊಟ್ಟೆಯಾಕಾರದ ಕಣಗಳಿದ್ದರೆ ನನ್ನ ವಿಧಾನ ಅಲ್ಲಿಗೇ ನಿಲ್ಲುತ್ತದೆ. ಗ್ಲಾಬ್ರಾಟಾ ಜಾತಿ ಇರಬಹುದು, ಔಷಧಿಗೆ ಜಗ್ಗದೆ ಆಸ್ಪತ್ರೆಯಲ್ಲಿ ಹಬ್ಬುವ ಆರಿಸ್ ಕೂಡ ಇರಬಹುದು. ಅಂಥದ್ದನ್ನು ಅವತ್ತೇ ಸ್ಲ್ಯಾಂಟ್‌ನಲ್ಲಿ (ಅಗರ್ ಓರೆಯಾಗಿ ಗಟ್ಟಿಯಾದ ಕೊಳವೆಯಲ್ಲಿ) ಬೆಂಗಳೂರಿಗೆ ಕಳಿಸಿ, ಉತ್ತರ ಬರುವವರೆಗೆ ಆ ಕೂಸಿಗೆ ಬೇರೆ ಸ್ಟೆತಾಸ್ಕೋಪ್, ಬೇರೆ ಥರ್ಮಾಮೀಟರ್ ಇಡಿಸುತ್ತೇನೆ.